ಥೈರಾಯ್ಡ್ ದೋಷಗಳು ಮತ್ತು ಮೆಟಬಾಲಿಕ್ ಸಿಂಡ್ರೋಮ್

ಹೊಟ್ಟೆಯ ಬೊಜ್ಜು, ರಕ್ತದೊತ್ತಡ, ರಕ್ತದ ಸಕ್ಕರೆ ಮತ್ತು ಕೊಬ್ಬು ಒಟ್ಟಾಗಿ ಹದ ತಪ್ಪುವ ಸ್ಥಿತಿಯೇ ಮೆಟಬಾಲಿಕ್ ಸಿಂಡ್ರೋಮ್. ಥೈರಾಯ್ಡ್ ಗ್ರಂಥಿಯ ಏರುಪೇರು ಇದಕ್ಕೆ ಇಂಬು ಕೊಡುತ್ತದೆ. ಆದರೆ ಅದೊಂದೇ ಕಾರಣವಲ್ಲ.

ಲಕ್ಷಣಗಳು: 2009ರ ಅಂತಾರಾಷ್ಟ್ರೀಯ ಒಮ್ಮತದಂತೆ ಐದು ಅಂಶಗಳಲ್ಲಿ ಮೂರು ಇದ್ದರೆ ಸಿಂಡ್ರೋಮ್ ಇದೆ ಎನ್ನುತ್ತಾರೆ. ದಕ್ಷಿಣ ಏಷ್ಯಾದ ಗಂಡಸರಲ್ಲಿ 90 ಸೆಂ.ಮೀ., ಹೆಂಗಸರಲ್ಲಿ 80 ಸೆಂ.ಮೀ. ಮುಟ್ಟಿದ ಸೊಂಟದ ಸುತ್ತಳತೆ, 150 ಮಿ.ಗ್ರಾಂ. ಮುಟ್ಟಿದ ಟ್ರೈಗ್ಲಿಸರೈಡ್, ಗಂಡಸರಲ್ಲಿ 40ಕ್ಕಿಂತ, ಹೆಂಗಸರಲ್ಲಿ 50ಕ್ಕಿಂತ ಕಡಿಮೆ ಎಚ್‌ಡಿಎಲ್ (ಒಳ್ಳೆಯ ಕೊಲೆಸ್ಟರಾಲ್), 130/85 ಮುಟ್ಟಿದ ರಕ್ತದೊತ್ತಡ, ಬರಿಹೊಟ್ಟೆಯಲ್ಲಿ 100 ಮಿ.ಗ್ರಾಂ. ಮುಟ್ಟಿದ ಸಕ್ಕರೆ. ಈ ಪಟ್ಟಿಯಲ್ಲಿ ಥೈರಾಯ್ಡ್ ಪರೀಕ್ಷೆ ಇಲ್ಲ.

ನಂಟು: ಥೈರಾಯ್ಡ್ ಹಾರ್ಮೋನು ಕಡಿಮೆಯಾದಾಗ ಯಕೃತ್ತು ರಕ್ತದಿಂದ ಕೆಟ್ಟ ಕೊಲೆಸ್ಟರಾಲ್ ಆದ ಎಲ್‌ಡಿಎಲ್ ಹೀರಿಕೊಳ್ಳುವುದು ತಗ್ಗಿ ಕೊಲೆಸ್ಟರಾಲ್ ಏರುತ್ತದೆ, ಟ್ರೈಗ್ಲಿಸರೈಡ್ ಕರಗುವುದೂ ನಿಧಾನವಾಗುತ್ತದೆ. ರಕ್ತನಾಳಗಳು ಬಿಗಿದು ಮುಖ್ಯವಾಗಿ ಕೆಳಗಿನ ರಕ್ತದೊತ್ತಡ ಹೆಚ್ಚುತ್ತದೆ; ಇನ್ಸುಲಿನ್ ಕೆಲಸ ಮಂದವಾಗುತ್ತದೆ. ಹಾರ್ಮೋನು ಅತಿಯಾದರೆ ತೂಕ ಮತ್ತು ಕೊಲೆಸ್ಟರಾಲ್ ಇಳಿದರೂ ಸಕ್ಕರೆ ಏರಬಹುದು. ಬೊಜ್ಜು ಕೂಡ ತನ್ನಷ್ಟಕ್ಕೇ, ಥೈರಾಯ್ಡನ್ನು ಪ್ರಚೋದಿಸುವ ಹಾರ್ಮೋನಾದ ಟಿಎಸ್‌ಎಚ್ ಅನ್ನು ತುಸು ಏರಿಸುವುದರಿಂದ ಕಾರ್ಯಕಾರಣ ಎರಡೂ ದಿಕ್ಕಿನಲ್ಲಿದೆ.

ಚಿಕಿತ್ಸೆ: ಹಾರ್ಮೋನಿನ ಕೊರತೆಗೆ ಲೆವೊಥೈರಾಕ್ಸಿನ್ ಮಾತ್ರೆಯನ್ನು ಬರಿಹೊಟ್ಟೆಯಲ್ಲಿ, ಚಹಾ-ತಿಂಡಿಗೆ ಅರ್ಧದಿಂದ ಒಂದು ಗಂಟೆ ಮೊದಲು ನುಂಗಬೇಕು; ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿಗೆ ನಾಲ್ಕು ಗಂಟೆ ಅಂತರವಿರಬೇಕು. ಆರರಿಂದ ಎಂಟು ವಾರಗಳ ನಂತರ ಟಿಎಸ್‌ಎಚ್ ಮರುಪರೀಕ್ಷೆ ಮಾಡಿಸುತ್ತಾರೆ. ಕೊರತೆ ನೀಗಿದಾಗ ಕೊಲೆಸ್ಟರಾಲ್ ಇಳಿಯುತ್ತದೆ, ತೂಕ ಮಾತ್ರ ಅಲ್ಪವೇ ಇಳಿಯುತ್ತದೆ. ಥೈರಾಯ್ಡ್ ಸರಿಯಿರುವವರು ತೂಕ ಇಳಿಸಲು ಈ ಮಾತ್ರೆ ನುಂಗಿದರೆ ಎದೆಬಡಿತ ತಪ್ಪುವ, ಮೂಳೆ ಸವೆಯುವ ಅಪಾಯವಿದೆ.

ಗುಂಜಿಯಂಥ ಊರುಗಳಲ್ಲಿ: ಗುಂಜಿ ಬೆಳಗಾವಿ ಕಡೆಯ ಖಾನಾಪುರ ತಾಲ್ಲೂಕಿನ ಊರು. ಇಂಥ ಊರುಗಳಲ್ಲಿ ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮದಡಿ 30 ದಾಟಿದವರ ಮನೆಗೆ ಹೋಗುವ ಆಶಾ ಕಾರ್ಯಕರ್ತೆಯರು ತಂಬಾಕು, ಮದ್ಯ, ದೈಹಿಕ ಶ್ರಮದ ಬಗ್ಗೆ ಕೇಳಿ, ಟೇಪು ಹಿಡಿದು ಸೊಂಟದ ಅಳತೆಯನ್ನು ನಮೂನೆಯಲ್ಲಿ ಬರೆದುಕೊಳ್ಳುತ್ತಾರೆ. ಆಮೇಲೆ ರಕ್ತದೊತ್ತಡ, ಸಕ್ಕರೆ ನೋಡಲಾಗುತ್ತದೆ. ಟಿಎಸ್‌ಎಚ್ ಈ ಸಾಮೂಹಿಕ ತಪಾಸಣೆಯ ಭಾಗವಲ್ಲ. ಹಾಗಾಗಿ ಸೊಂಟದ ಅಳತೆ ಮಿತಿ ದಾಟಿದವರಲ್ಲಿ ಸುಸ್ತು, ಮಲಬದ್ಧತೆ, ಚಳಿ ತಡೆಯದಿರುವುದು, ಮುಟ್ಟಿನ ಏರುಪೇರು ಅಥವಾ ಇಳಿಯದ ಕೊಲೆಸ್ಟರಾಲ್ ಕಂಡರೆ ವೈದ್ಯರು ಟಿಎಸ್‌ಎಚ್ ಪರೀಕ್ಷೆಯನ್ನು ಪ್ರತ್ಯೇಕವಾಗಿ ಬರೆದುಕೊಡಬೇಕಾಗುತ್ತದೆ.