ಅನುಮಾನದ ಹಾಜರಿ ಪುಸ್ತಕ

ಹರಿಹರದಲ್ಲಿ ತುಂಗಭದ್ರೆಯ ಸೇತುವೆ ದಾಟಿದರೆ ಈಗ ಹಾವೇರಿ ಜಿಲ್ಲೆ. ಸ್ವಾತಂತ್ರ್ಯಕ್ಕೆ ಮೊದಲು ಹೊಳೆಯ ಈಚೆ ದಂಡೆ ಮೈಸೂರು ಸಂಸ್ಥಾನದ್ದು, ಆಚೆ ದಂಡೆ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಯದು. ಎತ್ತುಗಳ ಮೇಲೆ ಉಪ್ಪು, ಕಾಳುಕಡಿ ಹೇರಿಕೊಂಡು ಊರೂರು ತಿರುಗುತ್ತಿದ್ದ ಲಂಬಾಣಿಗಳಿಗೂ ಕೊರಚರಿಗೂ ಇಂಥ ಗಡಿಗಳು ದಾರಿಯಲ್ಲಿ ಸಿಗುವ ಇನ್ನೊಂದು ಹೊಳೆಯಷ್ಟೇ. 19ನೇ ಶತಮಾನದ ಕೊನೆಯ ದಶಕಗಳಲ್ಲಿ ರೈಲು ಬಂತು. ಹೇರಿನ ಎತ್ತಿಗೆ ಕೆಲಸ ತಪ್ಪಿತು. ನಿನ್ನೆಯವರೆಗೆ ವ್ಯಾಪಾರಿಯಾಗಿ ಕಂಡವನು, ಅದೇ ದಾರಿಯಲ್ಲಿ ಗಂಟುಮೂಟೆ ಹೊತ್ತು ಹೊರಟರೆ, ಪೊಲೀಸರ ಕಣ್ಣಿಗೆ ಗೊತ್ತುಗುರಿಯಿಲ್ಲದೆ ಅಲೆಯುವವನಾಗಿ ಕಾಣತೊಡಗಿದ.

ಆ ಕಣ್ಣಿಗೆ ಕಾನೂನಿನ ಬಲ ಕೊಟ್ಟದ್ದು ಅಪರಾಧಿ ಬುಡಕಟ್ಟುಗಳ ಕಾಯ್ದೆ. 1871ರಲ್ಲಿ ಉತ್ತರ ಭಾರತದಲ್ಲಿ ಶುರುವಾದದ್ದು 1911ರ ಹೊಸ ಕಾಯ್ದೆಯ ಮೂಲಕ ಮುಂಬಯಿ, ಮದ್ರಾಸು ಪ್ರಾಂತ್ಯಗಳಿಗೂ ಬಂತು. ಒಂದು ಸಮುದಾಯ ಅಪರಾಧದಿಂದಲೇ ಬದುಕುತ್ತದೆ ಎಂದು ‘ನಂಬಲು ಕಾರಣವಿದ್ದರೆ’ ಸರ್ಕಾರ ಅದನ್ನು ಪಟ್ಟಿಗೆ ಸೇರಿಸಬಹುದಿತ್ತು. ಆ ಘೋಷಣೆಯನ್ನು ಯಾವ ನ್ಯಾಯಾಲಯವೂ ಪ್ರಶ್ನಿಸುವಂತಿರಲಿಲ್ಲ. ಅಂಥವರಿಗೆ ಹೆಸರು ನೋಂದಾಯಿಸಿ, ಬೆರಳಚ್ಚು ಕೊಟ್ಟು, ಹೇಳಿದ ಹೊತ್ತಿಗೆ ಹಾಜರಿ ಹಾಕುವಂತೆ ಆಜ್ಞೆಯಾಗುತ್ತಿತ್ತು. ನೋಂದಾಯಿತ ವ್ಯಕ್ತಿ ಕಳವಿಗೆ ಹೊಂಚು ಹಾಕುತ್ತಿದ್ದನೆಂದು ತೋರುವಂಥ ಸನ್ನಿವೇಶದಲ್ಲಿ ಸಿಕ್ಕರೆ ಮೂರು ವರ್ಷದವರೆಗೆ ಸೆರೆ. ಕಳವು ನಡೆದಿರಬೇಕೆಂದೇನಿರಲಿಲ್ಲ. ಹುಬ್ಬಳ್ಳಿ, ಗದಗಗಳಲ್ಲಿ ಇಂಥವರನ್ನು ಕೂಡಿಹಾಕಿದ ಜಾಗಗಳಿಗೆ ಇಂದಿಗೂ ‘ಸೆಟ್ಲಮೆಂಟ್’ ಎಂದೇ ಹೆಸರು. ಹರಿಹರದಿಂದ ರೈಲು ಹತ್ತಿದರೆ ಒಂದೇ ದಿನದಲ್ಲಿ ನೋಡಿ ಬರಬಹುದು.

ಪೊಲೀಸರಿಗೆ ವಿವೇಚನಾಧಿಕಾರವೇ ಬೇಡ ಎನ್ನುವವಳು ನಾನಲ್ಲ. ನಡುರಾತ್ರಿ ದಾವಣಗೆರೆ ಬಸ್ ನಿಲ್ದಾಣದಲ್ಲಿ ನಿಂತ ಕಾನ್‌ಸ್ಟೇಬಲ್ ಎಲ್ಲರನ್ನೂ ವಿಚಾರಿಸಲಾರ; ಯಾರನ್ನು ತಡೆಯಬೇಕು, ಯಾರನ್ನು ಬಿಡಬೇಕು ಎಂದು ಕ್ಷಣದಲ್ಲಿ ತೀರ್ಮಾನಿಸಲೇಬೇಕು. ಆ ಕ್ಷಣ ಅವನ ತಲೆಯಲ್ಲಿ ಯಾವ ಹಳೆಯ ಪಟ್ಟಿ ತೆರೆದುಕೊಳ್ಳುತ್ತದೆ ಎಂಬುದೇ ನನ್ನ ಪ್ರಶ್ನೆ.

1924ರಲ್ಲಿ ಮತ್ತೆ ಬರೆದ ಈ ಕಾಯ್ದೆ 1952ರ ಆಗಸ್ಟ್ 31ರಂದು ರದ್ದಾಯಿತು. ಆದರೆ ಮೊದಲಿನ 1871ರ ಕಾಯ್ದೆಗೆ ಎರಡನೆಯ ಭಾಗವೊಂದಿತ್ತು. ನಮ್ಮ ತರಗತಿಗಳಲ್ಲಿ ಅದರ ಮಾತು ಬರುವುದು ಕಡಿಮೆ. ಮಕ್ಕಳನ್ನು ಅಪಹರಿಸುತ್ತಾರೆ ಎಂಬ ಅನುಮಾನವಿರುವ ‘ನಪುಂಸಕರ’ ಹೆಸರು, ವಾಸಸ್ಥಳಗಳ ರಿಜಿಸ್ಟರ್ ಇಡಬೇಕೆಂದು ಅದು ಹೇಳುತ್ತಿತ್ತು. 140 ವರ್ಷಗಳ ನಂತರ, 2011ರಲ್ಲಿ, ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಸೆಕ್ಷನ್ ಸೇರಿದಾಗ ಹೆಚ್ಚುಕಡಿಮೆ ಅದೇ ಮಾತುಗಳು ಮರಳಿದವು. ಬರೆದವರು ಹಳೆಯ ಕಾಯ್ದೆಯನ್ನು ಎದುರಿಗಿಟ್ಟುಕೊಂಡಿದ್ದರೋ ಏನೋ! ಕರ್ನಾಟಕ ಲೈಂಗಿಕ ಅಲ್ಪಸಂಖ್ಯಾತರ ವೇದಿಕೆ ಹೈಕೋರ್ಟಿಗೆ ಹೋಯಿತು. 2016ರಲ್ಲಿ ಆ ಪದವನ್ನು ತೆಗೆದು ‘ವ್ಯಕ್ತಿಗಳು’ ಎಂದು ತಿದ್ದಿದರು. ಸೆಕ್ಷನ್ನನ್ನೇ ತೆಗೆಯಲಿಲ್ಲ.

2024ರ ಅಕ್ಟೋಬರ್ 3ರಂದು, ಸುಕನ್ಯಾ ಶಾಂತಾ ಪ್ರಕರಣದ ತೀರ್ಪಿನಲ್ಲಿ, ವಿಮುಕ್ತ ಬುಡಕಟ್ಟುಗಳ ಜನರನ್ನು ಮನಬಂದಂತೆ ಬಂಧಿಸಬಾರದೆಂದು ಸುಪ್ರೀಂ ಕೋರ್ಟು ಪೊಲೀಸರಿಗೆ ಹೇಳಬೇಕಾಯಿತು. ಪಟ್ಟಿ ರದ್ದಾಗಿ ಆಗ 72 ವರ್ಷ ಕಳೆದಿತ್ತು.