ವಾಕ್ಯವಾದ ದೇವರು: ನೈಸೀಯದಿಂದ ಕಾನ್‌ಸ್ಟಾಂಟಿನೋಪಲ್‌ವರೆಗೆ

ಪ್ರಭುಭೋಜನದ ಆರಾಧನೆಯಲ್ಲಿ ನಾವು ಎದ್ದು ನಿಂತು ಹೇಳುವ ನೈಸೀಯ ವಿಶ್ವಾಸಪ್ರಮಾಣಕ್ಕೆ 2025ರಲ್ಲಿ 1700 ವರ್ಷ ತುಂಬಿತು. ನಮಗದು ಬಾಯಿಪಾಠ. ಆದರೆ ಅದರ ಒಂದೊಂದು ಮಾತಿಗಾಗಿ ಜನ ಗಡೀಪಾರಾದರು, ಸಭೆಗಳು ಒಡೆದವು. ಆ ಕಥೆಯನ್ನು ನಮ್ಮ ಮಕ್ಕಳು ತಿಳಿಯಬೇಕು.

ವಿವಾದ ಎದ್ದದ್ದು ಈಜಿಪ್ಟಿನ ಅಲೆಕ್ಸಾಂಡ್ರಿಯದಲ್ಲಿ, ಸುಮಾರು 318ರಲ್ಲಿ. ಯೋಹಾನನ ಸುವಾರ್ತೆ ಯಾವ ವಾಕ್ಯವನ್ನು ದೇವರೆಂದು ಸಾರುತ್ತದೋ, ಅದು ತಂದೆಯಂತೆಯೇ ಅನಾದಿಯೋ ಅಥವಾ ತಂದೆಯಿಂದ ಉಂಟಾದದ್ದೋ? ಬೌಕಾಲಿಸ್ ಸಭೆಯ ಗುರು ಆರಿಯಸ್, ಉಂಟಾದದ್ದೇ ಎಂದ. ವಾಕ್ಯವೆಂಬ ಮಗ ಹುಟ್ಟಿದ್ದರೆ, ಹುಟ್ಟುವ ಮೊದಲು ಇರಲಿಲ್ಲವಲ್ಲ? ಹಾಗಾಗಿ ವಾಕ್ಯವು ಸೃಷ್ಟಿಯಲ್ಲಿ ಮೊದಲನೆಯದು, ಶ್ರೇಷ್ಠವಾದದ್ದು, ಆದರೂ ಸೃಷ್ಟಿಯೇ. ಜ್ಞಾನೋಕ್ತಿಗಳ 8ನೆಯ ಅಧ್ಯಾಯ ಅವನಿಗೆ ಆಧಾರ. ಆರಿಯಸನನ್ನು ಬರೀ ದುಷ್ಟನಂತೆ ಚಿತ್ರಿಸುವುದು ನ್ಯಾಯವಲ್ಲ. ದೇವರು ಒಬ್ಬನೇ ಎಂಬುದಕ್ಕೆ ಕುಂದು ಬರಬಾರದೆಂದೇ ಅವನು ಹೋರಾಡಿದ. ನಾವಿಕರಿಗೆ, ಗಿರಣಿಯವರಿಗೆ ಹಾಡು ಕಟ್ಟಿಕೊಟ್ಟು ತನ್ನ ಬೋಧನೆಯನ್ನು ಹರಡಿದನೆಂದು ಹಳೆಯ ಸಭಾಚರಿತ್ರೆಕಾರರು ಬರೆದಿದ್ದಾರೆ.

ಚಕ್ರವರ್ತಿ ಕಾನ್‌ಸ್ಟಂಟೈನನಿಗೆ ಇದು ಮೊದಲು ಕ್ಷುಲ್ಲಕವಾಗಿ ಕಂಡಿತು. ಜಗಳ ಬಿಡಿ ಎಂದು ಕಾಗದ ಬರೆದು, ಕೊರ್ಡೊಬದ ಬಿಷಪ್ ಹೋಸಿಯಸನ ಕೈಯಲ್ಲಿ ಕಳಿಸಿದ. ಯಾರೂ ಕೇಳಲಿಲ್ಲ. 325ರಲ್ಲಿ, ಇಂದು ತುರ್ಕಿಯ ಇಜ್ನಿಕ್ ಆಗಿರುವ ನೈಸೀಯದಲ್ಲಿ ಬಿಷಪರನ್ನು ಸೇರಿಸಿದ. ಬಂದವರು 318 ಮಂದಿ ಎಂಬುದು ಸಂಪ್ರದಾಯದ ಲೆಕ್ಕ. ಅಲ್ಲಿದ್ದ ಕೈಸರೈಯದ ಯುಸೇಬಿಯಸ್ 250ಕ್ಕಿಂತ ಹೆಚ್ಚು ಎನ್ನುತ್ತಾನೆ. ಅವನು ಮಂಡಿಸಿದ ವಿಶ್ವಾಸಪಾಠದಲ್ಲಿ ಕ್ರಿಸ್ತನು ದೇವರ ವಾಕ್ಯ. ಸಭೆ ಒಪ್ಪಿದ ಪಾಠದಲ್ಲಿ ದೇವರ ಮಗ. ಅದೂ ತಂದೆಯೊಂದಿಗೆ ಒಂದೇ ಸತ್ವದವನು, ಗ್ರೀಕಿನಲ್ಲಿ ಹೋಮೋಊಸಿಯೋಸ್. ಈ ಪದ ಬೈಬಲಿನಲ್ಲಿ ಎಲ್ಲೂ ಇಲ್ಲ. ಪ್ರಾಮಾಣಿಕ ವಿಶ್ವಾಸಿಗಳನ್ನೂ ಕಾಡಿದ್ದು ಅದೇ. ಆರಿಯಸನಿಗೂ, ಸಹಿ ಹಾಕದ ಇಬ್ಬರು ಲಿಬ್ಯದ ಬಿಷಪರಿಗೂ ಗಡೀಪಾರಾಯಿತು.

ಅಲ್ಲಿಗೆ ಮುಗಿಯಿತೆಂದು ಪಾಠ ಮಾಡುತ್ತೇವೆ. ನಿಜವಾಗಿ ಅಲ್ಲಿಂದಲೇ ಕಷ್ಟ ಶುರುವಾಯಿತು. 328ರಲ್ಲಿ ಅಲೆಕ್ಸಾಂಡ್ರಿಯದ ಬಿಷಪನಾದ ಅಥನೇಸಿಯಸ್ ಐದು ಸಲ ಊರು ಬಿಟ್ಟು, ಸುಮಾರು 17 ವರ್ಷ ಹೊರಗೆ ಕಳೆದ. ಅವನ ವಾದ ನನ್ನನ್ನು ಇಂದಿಗೂ ಹಿಡಿದು ನಿಲ್ಲಿಸುತ್ತದೆ. ಸೃಷ್ಟಿಯಾದವನು ಇನ್ನೊಂದು ಸೃಷ್ಟಿಯನ್ನು ದೇವರೊಂದಿಗೆ ಕೂಡಿಸಲಾರ. ಅವನಿಗೇ ರಕ್ಷಣೆ ಬೇಕು. ಮಗನ ಹೆಸರಿನಲ್ಲಿ ದೀಕ್ಷಾಸ್ನಾನ ಕೊಡುತ್ತೇವೆ, ಅವನಿಗೆ ಅಡ್ಡಬೀಳುತ್ತೇವೆ. ಅವನು ಸೃಷ್ಟಿಯಾಗಿದ್ದರೆ ನಾವು ಮಾಡುತ್ತಿರುವುದೇನು? ತತ್ವಶಾಸ್ತ್ರದ ತೊಡಕನ್ನು ಅವನು ಪ್ರಾರ್ಥಿಸುವವನ ಮೊಣಕಾಲಿಗೆ ತಂದಿಟ್ಟ. ಅರಮನೆಯ ಬೆಂಬಲ ಇಲ್ಲದಾಗಲೂ ನೈಸೀಯದ ಮಾತು ಉಳಿದದ್ದು ಇದರಿಂದಲೇ ಎಂದು ನಾನು ನಂಬುತ್ತೇನೆ. ಕಾನ್‌ಸ್ಟಂಟೈನನ ಮಗ ಎರಡನೆಯ ಕಾನ್‌ಸ್ಟಾಂಟಿಯಸನಂತೂ 359ರಲ್ಲಿ ಎರಡು ಮಹಾಸಭೆ ಕರೆದು, ಮಗನು ತಂದೆಯನ್ನು ಹೋಲುತ್ತಾನೆ ಎಂಬಷ್ಟಕ್ಕೇ ಒಪ್ಪಿಸಿದ. ಬಲವಂತದ ಒಮ್ಮತ ಅವನೊಂದಿಗೇ ಹೋಯಿತು.

ಕಾನ್‌ಸ್ಟಾಂಟಿನೋಪಲಿನಲ್ಲಿ ಚಿಲ್ಲರೆ ಕೇಳಿದರೂ, ರೊಟ್ಟಿಯ ಬೆಲೆ ಕೇಳಿದರೂ ಜನ ತಂದೆ–ಮಗನ ವಿಚಾರವನ್ನೇ ಎತ್ತುತ್ತಾರೆಂದು ನಿಸ್ಸದ ಬಿಷಪ್ ಗ್ರೆಗರಿ ಬೇಸರಪಟ್ಟಿದ್ದಾನೆ. ನನಗದರಲ್ಲಿ ಸಂತೋಷವಿದೆ: ಅದು ಬಿಷಪರ ಗುತ್ತಿಗೆಯಾಗಿರಲಿಲ್ಲ.

381ರಲ್ಲಿ ಅದೇ ಊರಿನಲ್ಲಿ 150 ಬಿಷಪರು ಸೇರಿ ನೈಸೀಯದ ನಂಬಿಕೆಯನ್ನು ಎತ್ತಿಹಿಡಿದರು. ನಾವು ನೈಸೀಯದ್ದೆಂದು ಹೇಳುವ ಪಾಠ ಈ ಸಭೆಗೆ ಸೇರಿದ್ದು. ಪವಿತ್ರಾತ್ಮನ ಕುರಿತ ಭಾಗ ಬೆಳೆದದ್ದು ಇದರಲ್ಲಿಯೇ. ಆರಿಯಸನ ಬೋಧನೆ ಆಗಲೂ ಅಳಿಯಲಿಲ್ಲ. ಉಲ್ಫಿಲಾಸನಿಂದ ತಮ್ಮ ಭಾಷೆಯಲ್ಲಿ ಬೈಬಲ್ ಪಡೆದ ಗಾಥರು ಅದನ್ನೇ ಹಿಡಿದಿದ್ದರು. ಸ್ಪೇನಿನ ವಿಸಿಗಾಥರು ಅದನ್ನು ಬಿಟ್ಟದ್ದು 589ರ ಟೊಲೆಡೊ ಸಭೆಯಲ್ಲಿ. 325ರ ಪಾಠದ ಕೊನೆಯಲ್ಲಿ ಆರಿಯಸನ ಕಡೆಯವರಿಗೆ ಹಾಕಿದ್ದ ಶಾಪ ನಾವು ಹೇಳುವ ಪಾಠದಲ್ಲಿ ಇಲ್ಲ. ಅದಕ್ಕಾಗಿ ನಾನು ದೇವರಿಗೆ ಕೃತಜ್ಞ.