ಶಾಂತಲಾ, ಶಾಂತಲೆ, ಸಾಂತಲೆ

ಹೋದ ತಿಂಗಳು ನೆರೆಮನೆಯ ಗೃಹಸ್ಥರೊಬ್ಬರು ತಮ್ಮ ಮೊಮ್ಮಗಳ ನಾಮಕರಣದ ಮುನ್ನಾದಿನ ನನ್ನಲ್ಲಿಗೆ ಬಂದರು. "ಮೇಷ್ಟ್ರೇ, ಮಗುವಿಗೆ ಹೊಯ್ಸಳರ ಪಟ್ಟದ ರಾಣಿಯ ಹೆಸರಿಡಬೇಕೆಂದು ನಿಶ್ಚಯವಾಗಿದೆ. ಮಗ ಶಾಂತಲಾ ಎನ್ನುತ್ತಾನೆ. ಸೊಸೆ ಶಾಂತಲೆ ಎನ್ನುತ್ತಾಳೆ. ನಮ್ಮ ತಾಯಿಯವರ ಬಾಯಲ್ಲಿ ಅದು ಸಾಂತಲೆಯೇ ಆಗಿದೆ. ಜನನಪತ್ರದಲ್ಲಿ ಯಾವುದನ್ನು ಬರೆಸಲಿ?" ಎಂದು ಕೇಳಿದರು. ಪ್ರಶ್ನೆ ಸಣ್ಣದಾಗಿ ತೋರಿದರೂ, ಉತ್ತರಕ್ಕಾಗಿ ಶಾಸನಗಳವರೆಗೂ ವ್ಯಾಕರಣದವರೆಗೂ ಹೋಗಬೇಕಾಯಿತು. ಆ ವಿಚಾರವನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಈ ಹೆಸರನ್ನು ನಾಡಿನಲ್ಲಿ ಚಿರಸ್ಥಾಯಿಯಾಗಿ ಮಾಡಿದವಳು ವಿಷ್ಣುವರ್ಧನನ ಪಟ್ಟಮಹಾದೇವಿ. ಅವಳ ತಂದೆ ಶೈವನಾದ ಮಾರಸಿಂಗಯ್ಯ, ತಾಯಿ ಜಿನಭಕ್ತೆಯಾದ ಮಾಚಿಕಬ್ಬೆ. ಬೇಲೂರಿನಲ್ಲಿ ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವ ದೇವಾಲಯದ ಪ್ರಾಕಾರದೊಳಗೇ ಇರುವ ಕಪ್ಪೆ ಚೆನ್ನಿಗರಾಯನ ಗುಡಿ ಈಕೆಯದು. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲೆ 1123ರಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದವಳೂ ಈಕೆಯೇ. ಸವತಿಯರೆಂಬ ಆನೆಗಳಿಗೆ ಮದಗಜದಂತಿದ್ದವಳು ಎಂಬ ಅವಳ ಬಿರುದೇ ಆ ಬಸದಿಯ ಹೆಸರಾಯಿತು. 1131ರಲ್ಲಿ ಶಿವಗಂಗೆಯಲ್ಲಿ ಅವಳು ತೀರಿಕೊಂಡಳು. ಮಗಳ ಅಗಲಿಕೆಯನ್ನು ಸಹಿಸದ ಮಾಚಿಕಬ್ಬೆಯು ಬೆಳಗೊಳಕ್ಕೆ ಬಂದು, ಒಂದು ತಿಂಗಳು ನಿರಶನವ್ರತವನ್ನು ಹಿಡಿದು ದೇಹತ್ಯಾಗ ಮಾಡಿದಳೆಂದು ಶಾಸನವು ಸಾರುತ್ತದೆ.

ಇಂಥವಳ ಹೆಸರನ್ನು ಅವಳ ಕಾಲದವರೇ ಹೇಗೆ ಬರೆದರು? ಸವತಿಗಂಧವಾರಣ ಬಸದಿಯ ಮೂಲವಿಗ್ರಹ ಶಾಂತಿನಾಥನದು. ಅದರ ಪೀಠದ ಮೇಲೊಂದು ಸಂಸ್ಕೃತ ಶ್ಲೋಕವಿದೆ. ಪ್ರಭಾಚಂದ್ರ ಮುನಿಯ ಶಿಷ್ಯೆಯಾದ ರಾಣಿಯು ಈ ಪ್ರತಿಮೆಯನ್ನು ಮಾಡಿಸಿದಳೆಂಬುದು ಅದರ ತಾತ್ಪರ್ಯ. ಅಲ್ಲಿ ಹೆಸರು 'ಶಾಂತಲಾ' ಎಂದೇ ಇದೆ. ಸಂಸ್ಕೃತದಲ್ಲಿ ಆಕಾರಾಂತ ಸ್ತ್ರೀಲಿಂಗದ ಪ್ರಥಮಾ ವಿಭಕ್ತಿಗೆ ಬೇರೆ ರೂಪವಿಲ್ಲ. ಶಾಂತಲೆಯು ಶಾಂತಿಜಿನನನ್ನು ಮಾಡಿಸಿದಳೆಂಬ ಶಬ್ದಚಮತ್ಕಾರವೂ ಅಲ್ಲಿ ಉಂಟು. ಆದರೆ ಕನ್ನಡ ಶಾಸನಗಳಿಗೆ ಬಂದರೆ, ಅದೇ ರಾಣಿ 'ಶಾಂತಲದೇವಿ'. ಲಕಾರದ ಮುಂದೆ ದೀರ್ಘವಿಲ್ಲ. ಒಬ್ಬಳೇ ವ್ಯಕ್ತಿ, ಒಂದೇ ಕಾಲ, ರೂಪ ಮಾತ್ರ ಎರಡು. ಇದು ಲಿಪಿಕಾರನ ಪ್ರಮಾದವೆ? ಅಲ್ಲವೆಂದೇ ನನ್ನ ಅಭಿಪ್ರಾಯ.

ಆ ಅರಮನೆಯ ಇತರ ಸ್ತ್ರೀಯರ ಹೆಸರುಗಳನ್ನು ನೋಡೋಣ. ವಿಷ್ಣುವರ್ಧನನ ತಾಯಿ ಏಚಲದೇವಿ. ಅವನ ಇತರ ರಾಣಿಯರಲ್ಲಿ ಬಮ್ಮಲದೇವಿ, ರಾಜಲದೇವಿ ಎಂಬವರಿದ್ದರು. ಮುಂದೆ ಇಮ್ಮಡಿ ಬಲ್ಲಾಳನ ಕಾಲದಲ್ಲಿ ಕೇತಲದೇವಿ. ಏಚ, ಕೇತ ಎಂಬ ಹೆಸರುಗಳ ಮೇಲೆ ಹತ್ತಿದ ಈ ಲಕಾರ ಪಾಣಿನಿಯಿಂದ ಬಂದುದಲ್ಲ. 'ವತ್ಸಲ' ಮುಂತಾದ ಶಬ್ದಗಳನ್ನು ಸಾಧಿಸುವ ತದ್ಧಿತವನ್ನು ಪಾಠಶಾಲೆಯಲ್ಲಿ ಓದಿದ ನಾನು, ಶಾಂತಲೆಯನ್ನೂ ಅದರೊಳಗೇ ಸೇರಿಸಿ ಬಹುಕಾಲ ತೃಪ್ತನಾಗಿದ್ದೆ. ಆದರೆ ಅವಳ ಅತ್ತೆಯ ಹೆಸರನ್ನೂ ಸವತಿಯರ ಹೆಸರನ್ನೂ ಪಕ್ಕದಲ್ಲಿಟ್ಟು ನೋಡಿದಾಗ ಆ ತೃಪ್ತಿ ಉಳಿಯಲಿಲ್ಲ. 'ಶಾಂತ' ಎಂಬುದು ಸಂಸ್ಕೃತ. ಅದಕ್ಕೆ ಹತ್ತಿದ ಬಾಲ ಈ ನಾಡಿನದು. ತಂದೆತಾಯಿಗಳ ಹೆಸರಿನ ಕೊನೆಯಲ್ಲಿರುವ ಅಯ್ಯ, ಅಬ್ಬೆಗಳು ಹೇಗೆ ಕನ್ನಡವೋ ಇದೂ ಹಾಗೆಯೇ.

ಇನ್ನು ಕೊನೆಯ ಸ್ವರದ ಮಾತು. ಸಂಸ್ಕೃತದ ಆಕಾರಾಂತ ಸ್ತ್ರೀಲಿಂಗ ಶಬ್ದಗಳು ಕನ್ನಡಕ್ಕೆ ಬರುವಾಗ ಸಾಮಾನ್ಯವಾಗಿ ಎಕಾರಾಂತವಾಗುತ್ತವೆ. ಸೀತಾ ಸೀತೆಯಾಗುತ್ತಾಳೆ, ಗಂಗಾ ಗಂಗೆಯಾಗುತ್ತಾಳೆ. ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಇಂಥ ಮಾರ್ಪಾಡುಗಳನ್ನು ವಿಧಿಯಾಗಿ ಹೇಳಿದ್ದಾನೆ. ಆದುದರಿಂದ 'ಶಾಂತಲೆ' ಎಂಬುದು ಶುದ್ಧ ಕನ್ನಡ ರೂಪ.

ಮೊದಲಕ್ಷರದ ವಿಷಯವೂ ಇದೇ ಬಗೆಯದು. ಶಕಾರ ಷಕಾರಗಳು ಅಚ್ಚಗನ್ನಡದ ವರ್ಣಗಳಲ್ಲವೆಂದೂ, ತದ್ಭವದಲ್ಲಿ ಅವು ಸಕಾರವಾಗುವುವೆಂದೂ ವೈಯಾಕರಣರ ಮತ. ಶಾಸನಗಳಲ್ಲಿಯೇ 'ಶಕವರ್ಷ'ವು 'ಸಕವರ್ಷ'ವಾಗಿರುವುದನ್ನು ಎಷ್ಟೋ ಕಡೆ ಕಾಣಬಹುದು. ಹಾಗಾದರೆ ಅಜ್ಜಿಯ ಬಾಯಿಯ 'ಸಾಂತಲೆ' ಅಪಶಬ್ದವಲ್ಲ. ಕೇಶಿರಾಜನ ಸೂತ್ರವನ್ನು ಓದದೆಯೇ ಆಕೆ ಪಾಲಿಸುತ್ತಿದ್ದಾಳೆ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವುಂಟು. ನಾನು ಉಪಾಧ್ಯಾಯನಾಗಿ ಸೇರಿದ ಮೊದಲ ವರ್ಷಗಳಲ್ಲಿ, ರೈತರೊಬ್ಬರು ಮಗಳನ್ನು ಶಾಲೆಗೆ ಸೇರಿಸಲು ಕರೆತಂದು, ಹೆಸರು 'ಸಾಂತಲಮ್ಮ' ಎಂದರು. ನಾನು ನಕ್ಕು, ದಾಖಲೆ ಪುಸ್ತಕದಲ್ಲಿ 'ಶಾಂತಲಾ' ಎಂದು ಬರೆದೆ. ಹುಡುಗಿಗೆ ಉಪಕಾರವೇ ಮಾಡಿದೆನೆಂದು ತಿಳಿದಿದ್ದೆ. ವರ್ಷಗಳ ಮೇಲೆ ಆ ತಂದೆ ತೀರಿಹೋಗಿ, ಪೌತಿ ಖಾತೆ ಮಾಡಿಸುವ ಸಂದರ್ಭ ಬಂದಾಗ, ಮನೆಯ ಕಾಗದಗಳಲ್ಲಿದ್ದ ಸಾಂತಲಮ್ಮನೂ ಶಾಲೆಯ ಪತ್ರದಲ್ಲಿದ್ದ ಶಾಂತಲಾ ಎಂಬವಳೂ ಒಬ್ಬಳೇ ಎಂಬುದನ್ನು ಸಾಬೀತು ಮಾಡಲು ಆಕೆ ತಿಂಗಳುಗಟ್ಟಲೆ ಅಲೆಯಬೇಕಾಯಿತು. ಕೊನೆಗೆ ನನ್ನ ಬಳಿಗೆ ಬಂದು, "ಸಾರ್, ನೀವೇ ಬರೆದದ್ದು, ನೀವೇ ಒಂದು ಮಾತು ಬರೆದುಕೊಡಿ" ಎಂದಳು. ಬರೆದುಕೊಟ್ಟೆ. ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ; ಅದರಿಂದಲೇ ನನಗೆ ಹೆಚ್ಚು ನಾಚಿಕೆಯಾಯಿತು. ತಂದೆ ಇಟ್ಟ ಹೆಸರನ್ನು ತಿದ್ದುವ ಅಧಿಕಾರ ನನಗೆ ಯಾರು ಕೊಟ್ಟಿದ್ದರು?

ಆದುದರಿಂದ ನೆರೆಮನೆಯವರಿಗೆ ನಾನು ಹೇಳಿದ್ದಿಷ್ಟು: ಮೂರು ರೂಪಗಳಲ್ಲಿ ಯಾವುದೂ ತಪ್ಪಲ್ಲ. ಶಾಂತಲಾ ಎಂದರೆ ಬಸದಿಯ ಪೀಠದ ಶ್ಲೋಕ ಸಾಕ್ಷಿ. ಶಾಂತಲೆ ಎಂದರೆ ಕನ್ನಡ ವ್ಯಾಕರಣ ಸಾಕ್ಷಿ. ಸಾಂತಲೆ ಎಂದರೆ ನಿಮ್ಮ ತಾಯಿಯವರೇ ಸಾಕ್ಷಿ. ದೇವಿ ಎಂದು ಸೇರಿಸುವುದಾದರೆ ಮಾತ್ರ, ಶಾಸನದ ಕನ್ನಡದಂತೆ ಹ್ರಸ್ವವಾಗಿ 'ಶಾಂತಲದೇವಿ' ಎಂದು ಬರೆಯುವುದು ಲೇಸು. ನನ್ನನ್ನೇ ಕೇಳಿದರೆ ಶಾಂತಲೆ ಎಂಬುದೇ ಇಷ್ಟ. ವಿಭಕ್ತಿ ಹತ್ತಿದಾಗ ಶಾಂತಲೆಯ, ಶಾಂತಲೆಗೆ ಎಂದು ಅದು ನಮ್ಮ ಮಾತಿನಲ್ಲಿ ತೊಡಕಿಲ್ಲದೆ ಹರಿಯುತ್ತದೆ. ಆದರೆ ಒಮ್ಮೆ ಬರೆಸಿದ ರೂಪವನ್ನು ಎಲ್ಲ ಕಾಗದಗಳಲ್ಲಿಯೂ ಹಾಗೆಯೇ ಬರೆಸಿರಿ. ಮನೆಯಲ್ಲಿ ಹಿರಿಯರು ಹೇಗೆ ಕರೆದರೂ ತಿದ್ದಬೇಡಿ.

ಮಾರನೆಯ ದಿನ ತೊಟ್ಟಿಲ ಬಳಿ ಮಗುವಿನ ಕಿವಿಯಲ್ಲಿ ಶಾಂತಲೆ ಎಂದು ಹೆಸರಿಟ್ಟರು. ಮುತ್ತಜ್ಜಿ ಬಾಗಿ "ಸಾಂತಲೇ" ಎಂದು ಕರೆದರು. ಮಗು ಆ ಕಡೆಗೆ ತಿರುಗಿತು.